ನೋವೆಂದರೆ ನಂಬಬೇಕು

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಗಿ ಬಂದಾಗ ಅಂಥ ಮರುಹುಟ್ಟು ಪಡೆದ ತಾಯಂದಿರು ಹಿಂದೆ ಬಹಳ ವಿರಳ. ರಕ್ತಸ್ರಾವ, ನಂಜು ಇವುಗಳ ಜೊತೆಗೆ ಎಚ್ಚರವಿದ್ದೇ ಸಹಿಸಬೇಕಾದ ಘೋರ ವೇದನೆ.

1847ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದರು. ನೋವಿನಿಂದಲೇ ಹೆರಬೇಕೆಂಬುದು ದೈವಾಜ್ಞೆ ಎಂಬ ಆಕ್ಷೇಪಕ್ಕೆ ಅವರು ಬೈಬಲಿನಿಂದಲೇ ಉತ್ತರ ಕೊಟ್ಟರು: ಆದಾಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರು ಅವನನ್ನು ಗಾಢನಿದ್ರೆಗೆ ದೂಡಲಿಲ್ಲವೆ? ಪ್ರಸವವೇದನೆ ಸಹಜ, ಅದನ್ನು ತಡೆಯಬಾರದು ಎಂದ ವೈದ್ಯರೂ ಇದ್ದರು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ಲಿಯೋಪೋಲ್ಡ್ ರಾಜಕುಮಾರನನ್ನು ಹೆರುವಾಗ ಡಾ. ಜಾನ್ ಸ್ನೋ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹಾಕಿ ಆಘ್ರಾಣಿಸಲು ಕೊಟ್ಟರು. ಸಾಮಾನ್ಯ ಸ್ತ್ರೀಯ ನರಳಿಕೆಗೆ ಸಿಗದ ಮನ್ನಣೆ ರಾಣಿಯ ನರಳಿಕೆಗೆ ಸಿಕ್ಕಿತು!

ಸಿಸೇರಿಯನ್ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಟ್ಟ ದೊಡ್ಡ ವರವೆಂದರೆ ಸಮಯ. 1876ರಲ್ಲಿ ಇಟಲಿಯ ಪವಿಯಾ ನಗರದಲ್ಲಿ ಎಡುವಾರ್ಡೋ ಪೋರೋ ಕ್ಲೋರೋಫಾರ್ಮ್ ಕೊಟ್ಟು, ಮಗುವನ್ನು ತೆಗೆದು, ರಕ್ತಸ್ರಾವ ತಡೆಯಲು ಗರ್ಭಾಶಯವನ್ನೇ ಕತ್ತರಿಸಿದರು. ತಾಯಿ, ಮಗು ಇಬ್ಬರೂ ಉಳಿದರು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಾಶಯವನ್ನು ಉಳಿಸಿಯೇ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ಕಿರುಚಿ ಹೊರಳಾಡುವ ದೇಹದ ಮೇಲೆ ಇಂಥ ತಾಳ್ಮೆಯ ಹೊಲಿಗೆ ಸಾಧ್ಯವೆ?

ನೋವು ನೀಗಬೇಕೆಂಬ ವಿವೇಕ ಯುರೋಪಿನದಷ್ಟೇ ಅಲ್ಲ. 1879ರಲ್ಲಿ ಇಂದಿನ ಉಗಾಂಡಾಕ್ಕೆ ಸೇರಿದ ಬುನ್ಯೋರೋ ನಾಡಿನಲ್ಲಿ ಸ್ಥಳೀಯ ವೈದ್ಯನೊಬ್ಬ ಗರ್ಭಿಣಿಗೆ ಬಾಳೆಹಣ್ಣಿನ ಮದ್ಯ ಕುಡಿಸಿ ಸಿಸೇರಿಯನ್ ಮಾಡಿದ್ದನ್ನು ರಾಬರ್ಟ್ ಫೆಲ್ಕಿನ್ ಎಂಬವರು ಕಂಡು ಬರೆದಿಟ್ಟಿದ್ದಾರೆ. ಆ ತಾಯಿಯೂ ಚೇತರಿಸಿಕೊಂಡಳು.

ಪೂರ್ಣ ನಿದ್ರೆಗೂ ಅಪಾಯವಿತ್ತು. ಪ್ರಜ್ಞೆಯಿಲ್ಲದ ಬಸುರಿಯ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶ ಸೇರಬಹುದೆಂದು 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ವಿವರಿಸಿದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಆರಂಭಿಸಿದ ಬೆನ್ನುಹುರಿಯ ಅರಿವಳಿಕೆ ಕ್ರಮೇಣ ಸುಧಾರಿಸಿ ಇಂದು ಸಿಸೇರಿಯನ್‌ಗೆ ಸಾಮಾನ್ಯ ಕ್ರಮವಾಗಿದೆ. ತಾಯಿ ಎಚ್ಚರವಿದ್ದು ಮಗುವಿನ ಮೊದಲ ಅಳುವನ್ನು ಕೇಳುತ್ತಾಳೆ.

ಆದರೂ ಕೆಲವೊಮ್ಮೆ ಈ ಅರಿವಳಿಕೆ ಸಾಲದೆ ಹೋಗುತ್ತದೆ. ಎಳೆದ ಅನುಭವ ಬೇರೆ, ನೋವು ಬೇರೆ. ಅದನ್ನು ಹೇಳಬಲ್ಲವಳು ಮೇಜಿನ ಮೇಲೆ ಮಲಗಿದವಳೇ. ಆಗ ಔಷಧ ಹೆಚ್ಚಿಸುವುದಕ್ಕೂ ಅಗತ್ಯವಾದರೆ ಪೂರ್ಣ ನಿದ್ರೆ ತರಿಸುವುದಕ್ಕೂ ಇಂದು ದಾರಿಯುಂಟು. "ಸ್ವಲ್ಪ ತಡೆದುಕೋ ತಾಯಿ" ಎನ್ನುವ ಮುನ್ನ ಅವಳ ಮಾತನ್ನು ನಂಬಬೇಕು. ಸಿಂಪ್ಸನ್ನರ ಕಾಲದಿಂದಲೂ ವಾದ ನಡೆದಿರುವುದು ಇದಕ್ಕಾಗಿಯೇ.