ಕ್ಲೌಡ್ ಆಧಾರಿತ ಲೆಕ್ಕಪತ್ರ ತಂತ್ರಾಂಶದ ನಿಯತಕಾಲಿಕ ಪರಿಷ್ಕರಣೆ: ಪೂರ್ವಸಿದ್ಧತೆ ಹಾಗೂ ಪರೀಕ್ಷೆ ಕುರಿತು ನೋಂದಾಯಿತ ವರ್ತಕರಿಗೆ ಮಾಹಿತಿ

ಪೀಠಿಕೆ

ಸರಕು ಮತ್ತು ಸೇವಾ ತೆರಿಗೆಯು ದಿನಾಂಕ 01.07.2017ರಿಂದ ಜಾರಿಗೆ ಬಂದ ತರುವಾಯ ನೋಂದಾಯಿತ ವರ್ತಕರ ಬಿಲ್, ಇ-ವೇ ಬಿಲ್ ಹಾಗೂ ತೆರಿಗೆ ನಮೂನೆಗಳು ಬಹುಪಾಲು ಗಣಕಯಂತ್ರದ ಮೂಲಕವೇ ಸಿದ್ಧವಾಗುತ್ತಿವೆ. ಕರ್ನಾಟಕದ ವರ್ತಕರಿಗೆ ಇದು ತೀರಾ ಹೊಸದಲ್ಲ. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿಯೇ ಇ-ಸುಗಮ್ ವ್ಯವಸ್ಥೆ ರಾಜ್ಯದಲ್ಲಿತ್ತು. ಇ-ವೇ ಬಿಲ್ ಸಹ 2017ರ ಸೆಪ್ಟೆಂಬರ್‌ನಲ್ಲಿ ಮೊದಲು ಈ ರಾಜ್ಯದಲ್ಲಿ ಆರಂಭವಾಗಿ, ದಿನಾಂಕ 01.04.2018ರಿಂದ ಅಂತರರಾಜ್ಯ ಸಾಗಣೆಗೆ ದೇಶದಾದ್ಯಂತ ಅನ್ವಯವಾಯಿತು.

ಆದರೆ ಒಂದು ವ್ಯತ್ಯಾಸ ಉಂಟಾಗಿದೆ. ಹಿಂದೆ ತಂತ್ರಾಂಶವು ಅಂಗಡಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ವರ್ತಕರು ಬಯಸಿದಾಗ ಮಾತ್ರ ಅದು ಬದಲಾಗುತ್ತಿತ್ತು. ಕ್ಲೌಡ್ ಆಧಾರಿತ ತಂತ್ರಾಂಶವು ಒದಗಿಸುವ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ಅದರ ಪರಿಷ್ಕರಣೆಯನ್ನು, ಅಂದರೆ ವಾಡಿಕೆಯಲ್ಲಿ ಅಪ್‌ಡೇಟ್ ಎನ್ನುವುದನ್ನು, ಆ ಸಂಸ್ಥೆಯೇ ನಿಗದಿಪಡಿಸುತ್ತದೆ. ಬಿಲ್‌ನಲ್ಲಿ ತಪ್ಪು ನುಸುಳಿದರೆ ಹೊಣೆ ಮಾತ್ರ ಬಿಲ್ ನೀಡಿದ ವರ್ತಕರದ್ದೇ ಆಗಿರುತ್ತದೆ. ತಂತ್ರಾಂಶ ತಾನಾಗಿಯೇ ಬದಲಾಯಿತು ಎಂಬ ಕಾರಣವು ಖರೀದಿದಾರರಿಗೆ ತಪ್ಪಿಹೋದ ಹೂಡುವಳಿ ತೆರಿಗೆ ಜಮೆಯನ್ನು ತಂದುಕೊಡುವುದಿಲ್ಲ.

ಪರಿಷ್ಕರಣೆಯ ಕಾಲಕ್ರಮ

ಇದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಒರಾಕಲ್ ಸಂಸ್ಥೆಯ ಕ್ಲೌಡ್ ತಂತ್ರಾಂಶವು ವರ್ಷಕ್ಕೆ ನಾಲ್ಕು ಬಾರಿ, ಸೇಲ್ಸ್‌ಫೋರ್ಸ್ ಮೂರು ಬಾರಿ, ಮೈಕ್ರೋಸಾಫ್ಟ್ ಡೈನಮಿಕ್ಸ್ 365 ಏಪ್ರಿಲ್ ಹಾಗೂ ಅಕ್ಟೋಬರ್‌ನಿಂದ ಆರಂಭವಾಗುವ ಎರಡು ಕಂತುಗಳಲ್ಲಿ ಪ್ರಮುಖ ಪರಿಷ್ಕರಣೆ ಪಡೆಯುತ್ತವೆ. ಒರಾಕಲ್‌ನಲ್ಲಿ ಮೊದಲು ಪರೀಕ್ಷಾ ಆವೃತ್ತಿಗೂ, ಸುಮಾರು ಎರಡು ವಾರಗಳ ನಂತರ ಚಾಲ್ತಿ ಆವೃತ್ತಿಗೂ ಬದಲಾವಣೆ ಬರುತ್ತದೆ. ಈ ಎರಡು ವಾರಗಳೇ ಬಳಕೆದಾರರಿಗೆ ದೊರೆಯುವ ಪರೀಕ್ಷಾ ಅವಧಿ. ಸಣ್ಣ ವರ್ತಕರು ಬಳಸುವ ಅನೇಕ ತಂತ್ರಾಂಶಗಳಿಗೆ ಇಂತಹ ಅವಧಿಯೇ ಇರುವುದಿಲ್ಲ. ಬದಲಾವಣೆ ಯಾವುದೇ ದಿನ ಬರಬಹುದು. ಆದುದರಿಂದ ಚಂದಾ ಪಡೆಯುವ ಮುನ್ನವೇ ಪರೀಕ್ಷಾ ಆವೃತ್ತಿ ಇದೆಯೇ, ಮುನ್ಸೂಚನೆ ಎಷ್ಟು ದಿನ ಮೊದಲು ಬರುತ್ತದೆ ಎಂಬುದನ್ನು ಕೇಳಿ ತಿಳಿಯುವುದು ಉತ್ತಮ. ಬೆಲೆಗಿಂತ ಈ ಪ್ರಶ್ನೆ ಮುಖ್ಯ.

ಮುನ್ಸೂಚನೆಯಲ್ಲಿರುವ ಗಂಟೆ ಯಾವ ದೇಶದ್ದು ಎಂಬುದನ್ನೂ ನೋಡತಕ್ಕದ್ದು. ಅಮೆರಿಕದ ಪಶ್ಚಿಮ ತೀರದಲ್ಲಿ ಬೇಸಿಗೆಯ ಸಮಯಕ್ರಮದಂತೆ ಶುಕ್ರವಾರ ರಾತ್ರಿ 8 ಗಂಟೆ ಎಂದರೆ ನಮ್ಮಲ್ಲಿ ಶನಿವಾರ ಬೆಳಿಗ್ಗೆ 8.30. ಅಲ್ಲಿನವರಿಗೆ ಬಿಡುವಿನ ವೇಳೆ, ಇಲ್ಲಿ ಅಂಗಡಿ ತೆರೆಯುವ ವೇಳೆ.

ಸೆಪ್ಟೆಂಬರ್ 2025ರ ದರ ಬದಲಾವಣೆ: ಒಂದು ನಿದರ್ಶನ

ಜಿಎಸ್‌ಟಿ ಮಂಡಳಿಯು ತನ್ನ 56ನೇ ಸಭೆಯಲ್ಲಿ ದಿನಾಂಕ 03.09.2025ರಂದು ದರಗಳ ಬದಲಾವಣೆಗೆ ಶಿಫಾರಸು ಮಾಡಿತು. ಹೊಸ ದರಗಳು ದಿನಾಂಕ 22.09.2025ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ ಜಾರಿಗೆ ಬಂದವು. ನಡುವೆ ಇದ್ದದ್ದು 19 ದಿನಗಳು. ಸಾಬೂನು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಶೇ. 18ರಿಂದ ಶೇ. 5ಕ್ಕೂ, ಬೆಣ್ಣೆ ಹಾಗೂ ತುಪ್ಪ ಶೇ. 12ರಿಂದ ಶೇ. 5ಕ್ಕೂ, ಸಿಮೆಂಟ್ ಶೇ. 28ರಿಂದ ಶೇ. 18ಕ್ಕೂ ಇಳಿದವು. ಎಲ್ಲಾ ತಂತ್ರಾಂಶ ಸಂಸ್ಥೆಗಳೂ ಒಂದೇ ಮಧ್ಯರಾತ್ರಿಗೆ ಸಿದ್ಧವಾಗಬೇಕಾಯಿತು. ಅದೂ ದಸರಾ ವ್ಯಾಪಾರದ ಹೊತ್ತಿನಲ್ಲಿ.

ದರದ ಪಟ್ಟಿಯನ್ನು ಬದಲಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಪಾದರಕ್ಷೆಯನ್ನೇ ತೆಗೆದುಕೊಳ್ಳಬಹುದು. ಹಿಂದೆ ಜೊತೆಯೊಂದಕ್ಕೆ ರೂ. 1,000 ಮೀರದಿದ್ದರೆ ಶೇ. 12, ಮೀರಿದರೆ ಶೇ. 18 ಇತ್ತು. ಈಗ ರೂ. 2,500 ಮೀರದಿದ್ದರೆ ಶೇ. 5, ಮೀರಿದರೆ ಶೇ. 18. ಇಲ್ಲಿ ದರದ ಜೊತೆಗೆ ಬೆಲೆಯ ಮಿತಿಯೂ ಬದಲಾಗಿದೆ. ಪರೀಕ್ಷೆಯ ಬಿಲ್ಲುಗಳನ್ನು ರೂ. 2,500 ಹಾಗೂ ರೂ. 2,501 ಎಂಬ ಎರಡು ಬೆಲೆಗಳಿಗೆ ತಯಾರಿಸಿ ನೋಡಬೇಕು. ನಂತರ ರೂ. 2,600 ಬೆಲೆಗೆ ಬಿಲ್ಲಿನಲ್ಲಿಯೇ ರೂ. 200 ರಿಯಾಯಿತಿ ನೀಡಿ ನೋಡಬೇಕು. ಆಗ ಮಾರಾಟ ಮೌಲ್ಯ ರೂ. 2,400 ಆಗುವುದರಿಂದ ಶೇ. 5 ಬರಬೇಕು. ತಂತ್ರಾಂಶವು ರಿಯಾಯಿತಿಗೆ ಮುಂಚಿನ ಬೆಲೆಯನ್ನು ಆಧರಿಸಿದರೆ ಶೇ. 18 ತೋರಿಸುತ್ತದೆ. ಇಂತಹ ದೋಷ ಕಣ್ಣಿಗೆ ಬೀಳುವುದು ಗ್ರಾಹಕರು ಜಗಳ ತೆಗೆದ ಮೇಲೆಯೇ.

ಎರಡನೆಯದಾಗಿ, ಮಾರಾಟ ವಾಪಸಾತಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಶೇ. 18ರ ದರದಲ್ಲಿ ಮಾರಿದ ಸರಕು ಅಕ್ಟೋಬರ್‌ನಲ್ಲಿ ವಾಪಸು ಬಂದರೆ, ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ದರದಲ್ಲಿಯೇ ಇರಬೇಕು. ಹಳೆಯ ದರವನ್ನು ಅಳಿಸಿಹಾಕಿದ ತಂತ್ರಾಂಶಕ್ಕೆ ಇದು ಸಾಧ್ಯವಾಗುವುದಿಲ್ಲ. ಹಳೆಯ ದರವನ್ನು ಅವಧಿ ಸಹಿತ ಉಳಿಸಿಕೊಳ್ಳುವುದೇ ಸರಿಯಾದ ಕ್ರಮ.

ಮೂರನೆಯದು ಇ-ವೇ ಬಿಲ್. ರೂ. 50,000 ಮಿತಿಯನ್ನು ತೆರಿಗೆ ಸೇರಿದ ಮೌಲ್ಯಕ್ಕೆ ಲೆಕ್ಕ ಹಾಕಲಾಗುತ್ತದೆ. ರೂ. 43,000ದ ಸರಕಿಗೆ ಶೇ. 18ರಂತೆ ಮೌಲ್ಯ ರೂ. 50,740, ಶೇ. 5ರಂತೆ ರೂ. 45,150. ಮೊದಲನೆಯದು ಮಿತಿಯನ್ನು ಮೀರುತ್ತದೆ, ಎರಡನೆಯದು ಮೀರುವುದಿಲ್ಲ. ತಂತ್ರಾಂಶವು ಇದನ್ನು ಸರಿಯಾಗಿ ಗುರುತಿಸುತ್ತಿದೆಯೇ ಎಂಬುದನ್ನು ಎರಡೂ ಮೊತ್ತಗಳಿಂದ ಪರೀಕ್ಷಿಸಬಹುದು.

ಪೂರ್ವಸಿದ್ಧತೆ

ಮುನ್ಸೂಚನೆಯ ಟಿಪ್ಪಣಿಯನ್ನು ಪೂರ್ಣವಾಗಿ ಓದುವುದು ಮೊದಲ ಕೆಲಸ. ನೂರಾರು ಅಂಶಗಳಿದ್ದರೂ ವರ್ತಕರಿಗೆ ಸಂಬಂಧಿಸಿದವು ಸಾಮಾನ್ಯವಾಗಿ ಕೆಲವೇ ಇರುತ್ತವೆ: ತೆರಿಗೆ ದರ, ಎಚ್‌ಎಸ್‌ಎನ್ ಸಂಕೇತ, ಬಿಲ್ ಸಂಖ್ಯೆ, ಮುದ್ರಣ ನಮೂನೆ, ಲಾಗಿನ್.

ಪರಿಷ್ಕರಣೆಗೆ ಮುನ್ನ ಬಾಕಿ ಇರುವ ಬಿಲ್ಲುಗಳನ್ನು ಪೂರ್ಣಗೊಳಿಸಿ, ಮಾರಾಟ ವಹಿ, ಖರೀದಿ ವಹಿ ಹಾಗೂ ದಾಸ್ತಾನು ಪಟ್ಟಿಯ ಪ್ರತಿಯನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳತಕ್ಕದ್ದು. ಜಿಎಸ್‌ಟಿ ಕಾಯ್ದೆಯ ಕಲಂ 36ರಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ನಮೂನೆಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಸಂರಕ್ಷಿಸಬೇಕಾಗಿರುತ್ತದೆ. ಸಂಸ್ಥೆಯ ಸರ್ವರ್‌ನಲ್ಲಿ ಇದೆ ಎಂಬ ಭರವಸೆಯೊಂದೇ ಸಾಲದು. ಕಂಪನಿಗಳ ವಿಷಯದಲ್ಲಿ ಇನ್ನೊಂದು ಅಂಶವಿದೆ: ದಿನಾಂಕ 01.04.2023ರಿಂದ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯಬೇಕು ಹಾಗೂ ಅದನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು. ಪರಿಷ್ಕರಣೆಯ ನಂತರವೂ ಅದು ಚಾಲನೆಯಲ್ಲಿದೆಯೇ ಎಂದು ನೋಡುವುದು ಅವಶ್ಯ.

ದಿನಾಂಕದ ಆಯ್ಕೆ ಲಭ್ಯವಿದ್ದಲ್ಲಿ ಪ್ರತಿ ತಿಂಗಳ 8ರಿಂದ 20ರವರೆಗಿನ ಅವಧಿಯನ್ನು ಬಿಡುವುದು ಕ್ಷೇಮ. ಮಾಸಿಕ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತ್ರೈಮಾಸಿಕ ನಮೂನೆಯವರಿಗೆ 13ನೇ ತಾರೀಖು, ಮಾಸಿಕ ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಅಂತಿಮವಾಗಿರುತ್ತದೆ.

ಪರೀಕ್ಷೆ ನಡೆಸುವ ಬಗೆ

ಯಾವುದೇ ಕಾರಣಕ್ಕೂ ಚಾಲ್ತಿ ಆವೃತ್ತಿಯಲ್ಲಿ ಕಾಲ್ಪನಿಕ ಬಿಲ್ ತಯಾರಿಸಿ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಕಳುಹಿಸಬಾರದು. ಅಲ್ಲಿ ದೊರೆಯುವ ಐಆರ್‌ಎನ್ ನಿಜವಾದದ್ದು. ಅದನ್ನು ಪೋರ್ಟಲ್‌ನಲ್ಲಿ ತಿದ್ದಲು ಅವಕಾಶವಿಲ್ಲ. 24 ಗಂಟೆಗಳೊಳಗೆ ರದ್ದುಪಡಿಸಬಹುದು ಅಷ್ಟೇ. ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲಾಗದು. ಇದಕ್ಕಾಗಿಯೇ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಪ್ರತ್ಯೇಕ ಪರೀಕ್ಷಾ ತಾಣವನ್ನು ಒದಗಿಸಿದೆ. ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದವರಿಗೆ ದಿನಾಂಕ 01.08.2023ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಅಂತಹವರು ಐಆರ್‌ಎನ್ ಇಲ್ಲದೆ ನೀಡಿದ ಬಿಲ್ ನಿಯಮಗಳ ಪ್ರಕಾರ ಬಿಲ್ ಎಂದೇ ಪರಿಗಣಿತವಾಗುವುದಿಲ್ಲ.

ಪರೀಕ್ಷೆಗೆ ಹೊಸ ಉದಾಹರಣೆಗಳನ್ನು ಹುಡುಕುವುದಕ್ಕಿಂತ ಕಳೆದ ತಿಂಗಳ ನಿಜವಾದ ಬಿಲ್ಲುಗಳಲ್ಲಿ ಹತ್ತು ಹದಿನೈದನ್ನು ಆರಿಸಿ ಪರೀಕ್ಷಾ ಆವೃತ್ತಿಯಲ್ಲಿ ಮತ್ತೆ ನಮೂದಿಸಿ, ಹಳೆಯ ಮೊತ್ತದೊಂದಿಗೆ ತಾಳೆ ನೋಡುವುದು ಫಲಕಾರಿ. ರಾಜ್ಯದೊಳಗಿನ ಮಾರಾಟ, ಹೊರರಾಜ್ಯದ ಮಾರಾಟ, ರಿಯಾಯಿತಿ, ವಾಪಸಾತಿ, ಒಂದೇ ಬಿಲ್ಲಿನಲ್ಲಿ ಎರಡು ದರ, ಇವೆಲ್ಲವೂ ಅದರಲ್ಲಿರಲಿ. ಹೀಗೆ ಮಾಡಲು ಅರ್ಧ ದಿನ ಸಾಕು.

ಬಿಲ್ ಸಂಖ್ಯೆಗೆ ವಿಶೇಷ ಗಮನ ಅಗತ್ಯ. ಅದು 16 ಅಕ್ಷರಗಳನ್ನು ಮೀರದಂತೆ, ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದಂತೆ ಇರಬೇಕು. ದಿನಾಂಕ 01.06.2025ರಿಂದ ಇ-ಇನ್‌ವಾಯ್ಸ್ ಪೋರ್ಟಲ್ ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರಗಳ ಭೇದವನ್ನು ಪರಿಗಣಿಸುವುದಿಲ್ಲ. ಎರಡು ಶಾಖೆಗಳ ಸಂಖ್ಯೆಗಳು ಅಕ್ಷರದ ಗಾತ್ರದಿಂದ ಮಾತ್ರ ಬೇರೆಯಾಗಿದ್ದರೆ ಎರಡನೆಯ ಬಿಲ್ ತಿರಸ್ಕೃತವಾಗುತ್ತದೆ.

ಲಾಗಿನ್ ಸಹ ಪರೀಕ್ಷೆಯ ಭಾಗ. ಇ-ವೇ ಬಿಲ್ ಹಾಗೂ ಇ-ಇನ್‌ವಾಯ್ಸ್ ಪೋರ್ಟಲ್‌ಗಳಲ್ಲಿ ದಿನಾಂಕ 01.04.2025ರಿಂದ ಎಲ್ಲಾ ಬಳಕೆದಾರರಿಗೂ ಒಟಿಪಿ ಸಹಿತ ದ್ವಿಹಂತದ ದೃಢೀಕರಣ ಕಡ್ಡಾಯವಾಗಿದೆ. ಒಟಿಪಿ ಮಾಲೀಕರ ಮೊಬೈಲಿಗೆ ಮಾತ್ರ ಬರುವಂತಿದ್ದು, ಅವರು ಊರಿನಲ್ಲಿಲ್ಲದಿದ್ದರೆ ಲಾರಿ ಗೋದಾಮಿನ ಬಾಗಿಲಲ್ಲೇ ನಿಲ್ಲುತ್ತದೆ. ಗುಮಾಸ್ತರಿಗೆ ಉಪ-ಬಳಕೆದಾರರ ಖಾತೆ ತೆರೆದು ಅವರದೇ ಮೊಬೈಲ್ ಸಂಖ್ಯೆ ನೋಂದಾಯಿಸಿಡುವುದು ಸೂಕ್ತ.

ಕೊನೆಯದಾಗಿ ಒಂದು ಬಿಲ್ಲನ್ನು ಕಾಗದದ ಮೇಲೆ ಮುದ್ರಿಸಿ ನೋಡತಕ್ಕದ್ದು. ಪರದೆಯಲ್ಲಿ ಸರಿಯಾಗಿ ಕಾಣುವ ಕನ್ನಡ ಹೆಸರುಗಳ ಒತ್ತಕ್ಷರಗಳು ಮುದ್ರಣದಲ್ಲಿ ಚದುರುವುದುಂಟು. ಕ್ಯೂಆರ್ ಸಂಕೇತ ಅಂಚಿನಲ್ಲಿ ಕತ್ತರಿಸಿಹೋಗುವುದೂ ಉಂಟು.

ದೋಷ ಕಂಡುಬಂದಲ್ಲಿ

ದೋಷದ ಪರದೆಯ ಚಿತ್ರ, ದಿನಾಂಕ ಹಾಗೂ ಬಿಲ್ ಸಂಖ್ಯೆಯೊಂದಿಗೆ ತಂತ್ರಾಂಶ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಬೇಕು. ಸರಿಪಡಿಸುವವರೆಗೆ ಇ-ವೇ ಬಿಲ್ ಅನ್ನು ನೇರವಾಗಿ ಪೋರ್ಟಲ್‌ನಲ್ಲಿಯೇ ತಯಾರಿಸಬಹುದಾಗಿದೆ. ದೋಷವು ಜಿಎಸ್‌ಟಿ ಪೋರ್ಟಲ್‌ನದ್ದಾಗಿದ್ದಲ್ಲಿ ಪೋರ್ಟಲ್‌ನ ಕುಂದುಕೊರತೆ ವಿಭಾಗದಲ್ಲಿ ದೂರು ದಾಖಲಿಸುವುದು ಅಥವಾ ಸಹಾಯವಾಣಿ 1800-103-4786ಕ್ಕೆ ಕರೆ ಮಾಡುವುದು. ತಪ್ಪು ದರದ ಬಿಲ್ ಈಗಾಗಲೇ ಖರೀದಿದಾರರಿಗೆ ತಲುಪಿದ್ದಲ್ಲಿ, ಜಿಎಸ್‌ಟಿಆರ್-1 ಸಲ್ಲಿಸುವ ಮುನ್ನವೇ ಅವರಿಗೆ ತಿಳಿಸಿ ಕ್ರೆಡಿಟ್ ನೋಟ್ ಅಥವಾ ಡೆಬಿಟ್ ನೋಟ್ ಮೂಲಕ ಸರಿಪಡಿಸತಕ್ಕದ್ದು. ಖರೀದಿದಾರರ ಜಿಎಸ್‌ಟಿಆರ್-2ಬಿ ಪಟ್ಟಿಯು ಪ್ರತಿ ತಿಂಗಳ 14ರಂದು ಸಿದ್ಧವಾಗುವುದರಿಂದ, ಅದಕ್ಕೆ ಮೊದಲು ಸರಿಯಾದರೆ ಅವರ ಜಮೆಗೆ ತೊಂದರೆಯಾಗುವುದಿಲ್ಲ.

ವಿ.ಸೂ.: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಕಾಯ್ದೆ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ತಂತ್ರಾಂಶ ಸಂಸ್ಥೆಗಳ ಹೆಸರುಗಳನ್ನು ನಿದರ್ಶನಕ್ಕಾಗಿ ನೀಡಲಾಗಿದ್ದು, ಯಾವುದೇ ಶಿಫಾರಸು ಇರುವುದಿಲ್ಲ.