ಬೀದಿಯ ಉಪದೇಶ: ಕಲ್ಲೆಸೆದವರಾರು, ಕಾಯ್ದವರಾರು?



ಧರ್ಮೋಪದೇಶಕ್ಕೆ ಗುಡಿಯುಂಟು, ಮಠವುಂಟು, ಮಸೀದಿ ಇಗರ್ಜಿಗಳುಂಟು. ಅಲ್ಲಿಗೆ ಕೇಳಬೇಕೆಂಬ ಮನಸ್ಸುಳ್ಳವರೇ ಬರುತ್ತಾರೆ. ಆದರೆ ಉಪದೇಶಕನು ತಾನೇ ಎದ್ದು ಸಂತೆಗೆ, ಹೆಂಡದಂಗಡಿಯ ಬಾಗಿಲಿಗೆ, ನಾಲ್ಕು ದಾರಿ ಕೂಡುವಲ್ಲಿಗೆ ಬಂದು ನಿಂತರೆ? ಕೆಲವರು ನಿಂತು ಕೇಳುತ್ತಾರೆ, ಕೆಲವರು ನಕ್ಕು ಮುಂದೆ ಸಾಗುತ್ತಾರೆ, ಕೆಲವರು ಕಲ್ಲನ್ನೆತ್ತಿಕೊಳ್ಳುತ್ತಾರೆ. ಕ್ರೈಸ್ತರ ಬೀದಿಯ ಉಪದೇಶಕ್ಕೆ ಕಲ್ಲೆಸೆದವರು ಅನ್ಯಧರ್ಮೀಯರೇ ಆಗಿರಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. 1882ನೆಯ ಇಸವಿಯ ಎರಡು ಘಟನೆಗಳು ಈ ಭಾವನೆಯನ್ನು ತಿದ್ದುತ್ತವೆ. ಒಂದು ನಡೆದದ್ದು ಇಂಗ್ಲೆಂಡಿನಲ್ಲಿ, ಇನ್ನೊಂದು ಮುಂಬಯಿಯಲ್ಲಿ.

ವಿಲಿಯಂ ಬೂತ್ ಎಂಬ ಉಪದೇಶಕನು 1865ರಲ್ಲಿ ಲಂಡನ್ ನಗರದ ಪೂರ್ವಭಾಗದ ಬಡವರ ಕೇರಿಗಳಲ್ಲಿ ಬೀದಿಯಲ್ಲಿ ನಿಂತು ಬೋಧಿಸತೊಡಗಿದನು. ಇಗರ್ಜಿಯ ಮೆಟ್ಟಿಲನ್ನೇ ತುಳಿಯದ ಕುಡುಕರು, ಕೂಲಿಕಾರರು, ನಿರ್ಗತಿಕರು ಅವನ ಶ್ರೋತೃಗಳು. 1878ರಲ್ಲಿ ಅವನ ಸಂಘಕ್ಕೆ ಸಾಲ್ವೇಶನ್ ಆರ್ಮಿ, ಎಂದರೆ ಮುಕ್ತಿಸೇನೆ, ಎಂಬ ಹೆಸರಾಯಿತು. ಧ್ವಜ, ಸಮವಸ್ತ್ರ, ವಾದ್ಯಗಳೊಡನೆ ಮೆರವಣಿಗೆ ಹೊರಟು ಮದ್ಯದಂಗಡಿಗಳ ಎದುರಿನಲ್ಲಿಯೇ ಕುಡಿತವನ್ನು ಖಂಡಿಸುವುದು ಈ ಸೇನೆಯ ರೀತಿಯಾಗಿತ್ತು. ಸಾಲ್ಸ್‌ಬರಿ ಎಂಬ ಊರಿನಲ್ಲಿ ಪುಂಡರ ಕಾಟದಿಂದ ಉಪದೇಶಕರನ್ನು ಕಾಪಾಡಲು ಬಂದ ಫ್ರೈ ಮನೆತನದ ತಂದೆಮಕ್ಕಳು ತಮ್ಮ ಹಿತ್ತಾಳೆಯ ವಾದ್ಯಗಳನ್ನೂ ಜೊತೆಗೆ ತಂದರು. ಸೇನೆಯ ಪ್ರಸಿದ್ಧ ವಾದ್ಯಮೇಳಗಳ ಮೂಲವು ಇದೇ.

ಕಾಟ ಕೊಟ್ಟವರಾದರೂ ಯಾರು? ಕ್ರೈಸ್ತ ದೇಶದ ಕ್ರೈಸ್ತ ಜನರೇ. ಮದ್ಯದ ವ್ಯಾಪಾರಕ್ಕೆ ಧಕ್ಕೆ ತಗಲಿದಾಗ ಹಲವು ಊರುಗಳಲ್ಲಿ ಒಂದು ಪ್ರತಿಸೇನೆ ಎದ್ದಿತು. ತಲೆಬುರುಡೆಯ ಚಿತ್ರದ ಬಾವುಟ ಹಿಡಿದ ಈ ಗುಂಪಿಗೆ ಅಸ್ಥಿಪಂಜರದ ಸೇನೆ ಎಂದೇ ಹೆಸರು. ಕಲ್ಲು, ಕೆಸರು, ಕೊಳೆತ ಮೊಟ್ಟೆಗಳು ಅದರ ಆಯುಧಗಳು. 1882ನೆಯ ಒಂದೇ ವರ್ಷದಲ್ಲಿ ಮುಕ್ತಿಸೇನೆಯ 600ಕ್ಕೂ ಹೆಚ್ಚು ಜನ ಪೆಟ್ಟು ತಿಂದರು. ಅವರಲ್ಲಿ ಸ್ತ್ರೀಯರೂ ಬಹುಮಂದಿ ಇದ್ದರು.

ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ವೆಸ್ಟನ್-ಸೂಪರ್-ಮೇರ್ ಎಂಬ ಕಡಲತಡಿಯ ಊರಿನಲ್ಲಿ ಗಲಭೆಗೆ ಅಂಜಿದ ಅಧಿಕಾರಿಗಳು ಮೆರವಣಿಗೆಯನ್ನು ನಿಷೇಧಿಸಿದರು. ನಿಷೇಧವನ್ನು ಲೆಕ್ಕಿಸದೆ ಹೊರಟ ಬೀಟಿ ಮೊದಲಾದವರ ಮೇಲೆ ಅಕ್ರಮಕೂಟದ ಆರೋಪ ಬಂದಿತು. ಕಲ್ಲೆಸೆದವರನ್ನು ಬಿಟ್ಟು ಕಲ್ಲಿನ ಪೆಟ್ಟು ತಿಂದವರನ್ನೇ ತಪ್ಪಿತಸ್ಥರೆಂದರು! ಆದರೆ ಲಂಡನ್ನಿನ ಉಚ್ಚ ನ್ಯಾಯಾಲಯವು ಜೂನ್ ತಿಂಗಳಿನಲ್ಲಿ ಈ ಆಜ್ಞೆಯನ್ನು ರದ್ದುಪಡಿಸಿತು. ನ್ಯಾಯಸಮ್ಮತವಾದ ಕಾರ್ಯವನ್ನು ಮಾಡುವವನು, ಅದನ್ನು ಕಂಡು ಇನ್ನೊಬ್ಬನು ಅನ್ಯಾಯಕ್ಕಿಳಿದಾನು ಎಂಬ ಒಂದೇ ಕಾರಣದಿಂದ ಅಪರಾಧಿಯಾಗಲಾರನು ಎಂಬುದೇ ಆ ತೀರ್ಪಿನ ಸಾರ. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಇದನ್ನು ಅಭ್ಯಾಸ ಮಾಡುತ್ತಾರೆ.

ಇನ್ನು ಮುಂಬಯಿಯ ಕಥೆ. ಬಿಹಾರದ ಮುಂಗೇರಿನಲ್ಲಿ ಹುಟ್ಟಿ, ಪಂಜಾಬಿನಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದ ಫ್ರೆಡರಿಕ್ ಟಕರ್ ಎಂಬಾತನು ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟು ಬೂತನ ಸೇನೆಯನ್ನು ಸೇರಿದನು. 1882ರ ಸೆಪ್ಟೆಂಬರ್ 19ರಂದು ಅವನ ತಂಡ ಮುಂಬಯಿಯಲ್ಲಿ ಬಂದಿಳಿಯಿತು. ಸೇನೆ ಬರುತ್ತಿದೆಯೆಂಬ ಸುದ್ದಿ ಕೇಳಿ ಬಂದರಿನಲ್ಲಿ ಸಜ್ಜಾಗಿ ನಿಂತಿದ್ದ ಪೊಲೀಸರು ಉಳಿದವರೆಲ್ಲಿ ಎಂದು ಕೇಳಿದರಂತೆ. ಬಂದವರು ಒಟ್ಟು ನಾಲ್ವರೇ! ಅವರು ಭಾರತೀಯರ ಉಡುಪು ತೊಟ್ಟು, ಮುಂಡಾಸು ಸುತ್ತಿ, ವಾದ್ಯ ನುಡಿಸುತ್ತ ಬೀದಿಗಿಳಿದರು. ಟಕರನು ಫಕೀರ್ ಸಿಂಗ್ ಎಂಬ ಹೆಸರನ್ನೂ ಇಟ್ಟುಕೊಂಡನು. ಜನ ಅವರನ್ನು ಮುಕ್ತಿ ಫೌಜು ಎಂದು ಕರೆದರು.

ಸ್ಥಳೀಯ ಜನ ರೊಚ್ಚಿಗೇಳುವರೆಂದು ಬಗೆದು ಸರಕಾರ ಅವರ ಮೆರವಣಿಗೆಗಳನ್ನು ತಡೆಯಿತು. ಬಂಧಿಸಿತು, ದಂಡ ಹಾಕಿತು, ಕೊನೆಗೆ ಟಕರನನ್ನು ಕಾರಾಗೃಹಕ್ಕೂ ಕಳುಹಿಸಿತು. ಆಳುವ ಜನಾಂಗದವರು ಆಳಿಸಿಕೊಳ್ಳುವವರ ವೇಷದಲ್ಲಿ ಬೀದಿಯಲ್ಲಿ ತಿರುಗುವುದು ಅಧಿಕಾರಿಗಳ ಕಣ್ಣಿಗೆ ಹಿಡಿಸಲಿಲ್ಲವೆಂದರೂ ಸಲ್ಲುತ್ತದೆ. ಆಗ ಅವರ ಪರವಾಗಿ ಎದ್ದು ನಿಂತವರು ಯಾರೆಂದು ಬಲ್ಲಿರಾ? ಭಾರತೀಯರು. ಬ್ರಹ್ಮಸಮಾಜದ ನಾಯಕರಾದ ಕೇಶವಚಂದ್ರ ಸೇನರು ಕಲಕತ್ತೆಯಲ್ಲಿ ಅವರ ಹಕ್ಕಿಗಾಗಿ ದನಿಯೆತ್ತಿದರು. ಸೇನರು ಆ ಸೇನೆಯನ್ನು ಸೇರಲಿಲ್ಲ, ಸೇರುವ ಉದ್ದೇಶವೂ ಅವರಿಗಿರಲಿಲ್ಲ. ಒಬ್ಬನ ಮಾತನ್ನು ಒಪ್ಪುವುದು ಬೇರೆ, ಅವನಿಗೆ ಮಾತನಾಡುವ ಹಕ್ಕುಂಟೆಂದು ಹೇಳುವುದು ಬೇರೆ ಎಂಬ ವಿವೇಕ ಅವರದಾಗಿತ್ತು.

ಈ ಪ್ರಸಂಗ ನಮಗೆ ದೂರದ್ದಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಅಂದು ಅದೇ ಮುಂಬಯಿ ಸರಕಾರದ ಆಳಿಕೆಗೆ ಒಳಪಟ್ಟಿದ್ದವು. ಬೀದಿ ಯಾರದು ಎಂಬ ಪ್ರಶ್ನೆಯೂ ನಮಗೆ ಹೊಸದಲ್ಲ. ಸ್ವಾಮಿಗಳು ರಾಜಬೀದಿಯಲ್ಲಿ ಅಡ್ಡಪಲ್ಲಕ್ಕಿಯಲ್ಲಿ ಮೆರೆಯಬಹುದೇ ಎಂಬ ವ್ಯಾಜ್ಯವು 1840ರ ದಶಕದಲ್ಲಿಯೇ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮೆಟ್ಟಿಲೇರಿತ್ತು. ನಂದಿಕೋಲು, ಕರಡಿಮಜಲುಗಳೊಡನೆ ಉತ್ಸವ ಹೊರಡಿಸುವ ನಾವು, ಇನ್ನೊಬ್ಬರ ಡೋಲಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳಬಹುದು, ಬಾಯಿ ಮುಚ್ಚಿಸಲಾಗದು. ಒಬ್ಬರ ಮೆರವಣಿಗೆಗೆ ಇಂದು ಹಾಕಿದ ಅಡ್ಡಗಟ್ಟೆ ನಾಳೆ ನಮ್ಮ ತೇರಿನ ಹಾದಿಗೂ ಬಂದೀತು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸುವ್ಯವಸ್ಥೆಯನ್ನು ಕೆಡಿಸುವವನು ಮಾತನಾಡುವವನೋ, ಕಲ್ಲೆಸೆಯುವವನೋ ಎಂಬ 1882ರ ಪ್ರಶ್ನೆ ಅಲ್ಲಿಯೂ ಇದೆ. ಉಪದೇಶಕನಿಗೂ ಒಂದು ಮಿತಿಯುಂಟು: ಆಮಿಷವೊಡ್ಡುವುದು, ಪರದೈವವನ್ನು ಹಳಿಯುವುದು ಧರ್ಮವಲ್ಲ. ಕೇಳುವವನಿಗೂ ಹಕ್ಕುಂಟು: ಪ್ರಶ್ನಿಸುವುದು, ಒಪ್ಪದಿರುವುದು, ಎದ್ದುಹೋಗುವುದು. ಕಲ್ಲು ಮಾತ್ರ ಈ ಎರಡರಲ್ಲಿಯೂ ಸೇರಿಲ್ಲ.

ತನ್ನ ನಂಬಿಕೆಯಲ್ಲಿ ಬೇರೂರಿದವನು ಬೀದಿಯ ಮಾತಿಗೆ ಅಂಜುವುದಿಲ್ಲ. ಮುಂದೊಮ್ಮೆ ಸಂತೆಯಲ್ಲಿಯೋ ರೈಲುನಿಲ್ದಾಣದಲ್ಲಿಯೋ ಅನ್ಯಮತದ ಉಪದೇಶಕನೊಬ್ಬನು ತಮಗೆ ಎದುರಾದರೆ, ವಾಚಕರು ಕೇಶವಚಂದ್ರರನ್ನು ಒಮ್ಮೆ ನೆನೆಯಲಿ.