ಯಂತ್ರದ ಕಿವಿಗೆ ಬೀಳಬೇಕಾದ ‘ಅಟ್ಟಿ’

ಲೊಕ್ಕನಹಳ್ಳಿ ಸೀಮೆಯಲ್ಲಿ ಮನೆಗೆ ‘ಅಟ್ಟಿ’ ಅನ್ನುತ್ತಾರೆ. ಬರೆಯುವಾಗ ಅದು ‘ಹಟ್ಟಿ’. ಪದದ ಮೊದಲಲ್ಲಿ ಬರುವ ಹಕಾರ ಇಲ್ಲಿನ ಹಲವರ ಬಾಯಲ್ಲಿ ನಿಲ್ಲುವುದಿಲ್ಲ. ಹತ್ತು ‘ಅತ್ತು’ ಆಗುತ್ತದೆ, ಹಾಲು ‘ಆಲು’ ಆಗುತ್ತದೆ. ಳಕಾರವನ್ನೂ ಲಕಾರವಾಗಿಯೇ ಆಡುವವರ ಬಾಯಲ್ಲಿ ಹಾಲು, ಹಾಳು, ಆಳು ಮೂರೂ ಒಂದೇ. ಕೇಳುವ ಮನುಷ್ಯರಿಗೆ ಇದರಿಂದ ತೊಂದರೆಯೇನೂ ಇಲ್ಲ. ಮಾತಿನ ಸಂದರ್ಭವೇ ಅರ್ಥ ತಿಳಿಸುತ್ತದೆ. ಆದರೆ ಫೋನಿನೊಳಗೆ ಕೂತು ಮಾತನ್ನು ಅಕ್ಷರಕ್ಕಿಳಿಸುವ ಯಂತ್ರಕ್ಕೆ ಇದನ್ನು ಯಾರಾದರೂ ಮೊದಲೇ ಕಲಿಸಿರಬೇಕು. ಯಾರು ಕಲಿಸುತ್ತಾರೆ, ಎಲ್ಲಿ ಸೇರಿ ಕಲಿಸುತ್ತಾರೆ ಎಂಬುದು ನನ್ನ ಪ್ರಶ್ನೆ.

ಮಾತು ಗುರುತಿಸುವ ತಂತ್ರಜ್ಞಾನದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತಾರೆ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾದ ‘ಆಡ್ರಿ’ ಅಂಕಿಗಳನ್ನಷ್ಟೇ ಗುರುತಿಸುತ್ತಿತ್ತು, ಅದೂ ತನಗೆ ಹೊಂದಿಸಿದ ದನಿಯಾದರೆ ಮಾತ್ರ ಚೆನ್ನಾಗಿ. 1962ರಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ ಗೊತ್ತಿದ್ದದ್ದು 16 ಪದ. ನನಗೆ ಈ ಯಂತ್ರಗಳಿಗಿಂತ, ಅವುಗಳನ್ನು ಕಟ್ಟುವವರು ಕೂಡಿದ ಸಭೆಗಳು ಮುಖ್ಯವೆನಿಸುತ್ತವೆ. 1974ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೇಲೆ ದೊಡ್ಡ ವಿಚಾರ ಸಂಕಿರಣ ನಡೆಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಆಗ ಈ ಸಂಶೋಧನೆಯನ್ನು ಮುನ್ನಡೆಸುತ್ತಿದ್ದವರು ಆಂಧ್ರದ ಹಳ್ಳಿಯೊಂದರಲ್ಲಿ ಹುಟ್ಟಿದ ರಾಜ್ ರೆಡ್ಡಿ. ಅವರಿಗೆ 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಬಳಗ ಕಟ್ಟಿದ ‘ಹಾರ್ಪಿ’ 1976ರ ಹೊತ್ತಿಗೆ ಸಾವಿರ ಪದ ದಾಟಿತು. ಅವೆಲ್ಲವೂ ಇಂಗ್ಲಿಷ್ ಪದಗಳು. ಸಭೆ ಯಾರ ಊರಿನಲ್ಲೋ ಯಂತ್ರಕ್ಕೂ ಅವರದೇ ಭಾಷೆ.

ಆ ಊರಿನವರು ತಮ್ಮ ಭಾಷೆಯ ಒಳಭೇದಗಳನ್ನು ಮರೆಯಲಿಲ್ಲ ಎಂಬುದನ್ನೂ ಹೇಳಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ‘ಟಿಮಿಟ್’ ಎಂಬ ಧ್ವನಿ ಸಂಗ್ರಹದಲ್ಲಿ 630 ಜನರ ದನಿಯಿದೆ. ಅವರನ್ನು 8 ಉಪಭಾಷಾ ಗುಂಪುಗಳಾಗಿ ವಿಂಗಡಿಸಿದರು. ಊರೂರು ಬದಲಿಸುತ್ತ ಬೆಳೆದವರಿಗೂ ಒಂದು ಗುಂಪಿತ್ತು. ಆದರೂ ಆ 630ರಲ್ಲಿ ಹೆಂಗಸರು 192 ಮಂದಿ ಮಾತ್ರ. ಎಲ್ಲರೂ ಓದಿದ್ದು ಬರೆದುಕೊಟ್ಟ ವಾಕ್ಯಗಳನ್ನು.

ಕನ್ನಡಕ್ಕೆ ದಾರಿ ತೆರೆದದ್ದು ಇನ್ನೊಂದು ಕಾರ್ಯಾಗಾರ. 2009ರ ಬೇಸಿಗೆಯಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹಲವು ದೇಶಗಳ ಸಂಶೋಧಕರು ಕೂಡಿದರು. ಹೊಸ ಭಾಷೆಗಳಿಗೆ ಕಡಿಮೆ ಖರ್ಚಿನಲ್ಲಿ ಈ ವ್ಯವಸ್ಥೆಯನ್ನು ಕಟ್ಟುವುದು ಹೇಗೆ ಎಂಬುದು ಅವರ ವಿಷಯ. ಮರುವರ್ಷ ಚೆಕ್ ದೇಶದ ಬರ್ನೋ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಅವರನ್ನು ಕರೆದು ಕೂರಿಸಿತು. ಅಲ್ಲಿ ಬೆಳೆದ ‘ಕಾಲ್ಡಿ’ ಎಂಬ ತಂತ್ರಾಂಶ 2011ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಕಾಲ್ಡಿ ಎಂಬುದು ಕಾಫಿಯನ್ನು ಮೊದಲು ಕಂಡನೆಂದು ಕಥೆಯಲ್ಲಿ ಬರುವ ಇಥಿಯೋಪಿಯಾದ ಮೇಕೆ ಕಾಯುವವನ ಹೆಸರು.

ಆ ಕಾಲ್ಡಿ ತುಮಕೂರಿಗೂ ಬಂತು. ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಅದನ್ನು ಬಳಸಿ, ರೈತರು ಫೋನಿನಲ್ಲಿ ಕೇಳಿದರೆ ಬೆಳೆಯ ದರ ತಿಳಿಸುವ ಕನ್ನಡ ವ್ಯವಸ್ಥೆಯೊಂದನ್ನು ಕಟ್ಟಿ, 2017ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ದನಿಗಳನ್ನು ಬೇರೆ ಬೇರೆ ಪ್ರದೇಶಗಳ ರೈತರಿಂದಲೇ ಸಂಗ್ರಹಿಸಿದ್ದರು. ಇಂಥ ವ್ಯವಸ್ಥೆಯ ಒಳಗೆ ಉಚ್ಚಾರಣೆಯ ನಿಘಂಟೊಂದು ಇರುತ್ತದೆ. ‘ಹತ್ತು’ ಎಂಬ ಪದದ ಮುಂದೆ ಅದು ‘ಅತ್ತು’ ಎಂದೂ ಕೇಳಿಸಬಹುದು ಎಂದು ಒಬ್ಬರು ಕೂತು ಬರೆಯಬೇಕು. ಬರೆಯದಿದ್ದರೆ ಅರಿಶಿನದ ಧಾರಣೆ ಕೇಳುವ ಹನೂರಿನ ರೈತನಿಗೆ ಯಂತ್ರ ಮತ್ತೆ ಮತ್ತೆ ಹೇಳಿ ಅನ್ನುತ್ತದೆ. ಎರಡು ಸಲ ಹೇಳಿ ಮೂರನೇ ಸಲಕ್ಕೆ ಅವನು ಫೋನ್ ಇಡುತ್ತಾನೆ.

2018ರ ಸೆಪ್ಟೆಂಬರ್‌ನಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ‘ಇಂಟರ್‌ಸ್ಪೀಚ್’ ಮೊದಲ ಸಲ ಭಾರತಕ್ಕೆ, ಹೈದರಾಬಾದಿಗೆ ಬಂತು. ಭಾರತೀಯ ಭಾಷೆಗಳಿಗೆಂದೇ ಅಲ್ಲೊಂದು ಸ್ಪರ್ಧೆ ಏರ್ಪಟ್ಟಿತು. ಮೈಕ್ರೋಸಾಫ್ಟ್ ಧ್ವನಿ ಸಂಗ್ರಹ ಕೊಟ್ಟದ್ದು ತೆಲುಗು, ತಮಿಳು, ಗುಜರಾತಿಗೆ. 2021ರ ಇನ್ನೊಂದು ಸ್ಪರ್ಧೆಯಲ್ಲಿ ಹಿಂದಿ, ಮರಾಠಿ, ಒಡಿಯಾಗಳೂ ಸೇರಿದವು, ಆಗಲೂ ಕನ್ನಡವಿರಲಿಲ್ಲ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯಿನುಡಿ ಇದು. ಸ್ಪರ್ಧೆಗೆ ಇಟ್ಟ ಭಾಷೆಯ ಮೇಲೆ ಜಗತ್ತಿನ ಹಲವು ತಂಡಗಳು ತಿಂಗಳುಗಟ್ಟಲೆ ದುಡಿಯುತ್ತವೆ. ಆತಿಥ್ಯ ವಹಿಸುವುದೆಂದರೆ ಊಟ, ವಸತಿಯ ಏರ್ಪಾಡಷ್ಟೇ ಅಲ್ಲ. ಯಾವ ಭಾಷೆಗೆ ಆ ದುಡಿಮೆ ಸಲ್ಲಬೇಕೆಂದು ತೀರ್ಮಾನಿಸುವ ಅಧಿಕಾರವೂ ಅದರಲ್ಲಿದೆ.

ಈಚೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಅಧಿಕಾರವನ್ನು ಬೇರೆ ರೀತಿಯಲ್ಲಿ ಬಳಸುತ್ತಿದೆ. ಅದರ ‘ರೆಸ್ಪಿನ್’ ಯೋಜನೆಯ 9 ಭಾಷೆಗಳಲ್ಲಿ ಕನ್ನಡವಿದೆ. ಕೃಷಿ ಮತ್ತು ಹಣಕಾಸಿನ ಮಾತಿಗೆ ಅಲ್ಲಿ ಒತ್ತು. ಗೂಗಲ್ ನೆರವಿನ ‘ವಾಣಿ’ ಯೋಜನೆ ಭಾಷೆಯ ಪಟ್ಟಿಯಿಂದ ಹೊರಡದೆ ಜಿಲ್ಲೆಗಳ ಪಟ್ಟಿಯಿಂದ ಹೊರಟಿತು. ದೇಶದ 773 ಜಿಲ್ಲೆಗಳಿಂದ ದನಿ ಸಂಗ್ರಹಿಸುವುದು ಅದರ ಗುರಿ. ವಾಕ್ಯ ಓದಿಸುವ ಬದಲು ಚಿತ್ರ ತೋರಿಸಿ ಮಾತಾಡಿಸುತ್ತಾರೆ. ಈ ಬದಲಾವಣೆ ಸಣ್ಣದಲ್ಲ. ‘ಹಟ್ಟಿ’ ಎಂದು ಅಚ್ಚಾದದ್ದನ್ನು ಓದಿಸಿದರೆ ನಮ್ಮವರೂ ಬಾಯಿ ತಿದ್ದಿಕೊಂಡು ‘ಹಟ್ಟಿ’ ಅಂದಾರು. ಮನೆಯ ಚಿತ್ರ ತೋರಿಸಿದರೆ ‘ಅಟ್ಟಿ’ ಎಂದೇ ಅನ್ನುತ್ತಾರೆ.

ಆದರೆ ಜಿಲ್ಲೆಯೂ ದೊಡ್ಡ ಅಳತೆಯೇ. ಲೊಕ್ಕನಹಳ್ಳಿಯ ಸುತ್ತ ಕನ್ನಡದ ಜೊತೆಗೆ ತಮಿಳಿದೆ, ಕಾಡಂಚಿನ ಪೋಡುಗಳಲ್ಲಿ ಸೋಲಿಗರ ನುಡಿಯಿದೆ, ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ಮಾತಿದೆ. ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯವಿದೆ. ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯಿದೆ. ರಾತ್ರಿಯಿಡೀ ಹಾಡುವಷ್ಟು ಪದಸಂಪತ್ತು ಇರುವ ನುಡಿಯನ್ನು ತಂತ್ರಜ್ಞಾನದ ಭಾಷೆಯಲ್ಲಿ ‘ಸಂಪನ್ಮೂಲ ಕಡಿಮೆಯಿರುವ ನುಡಿ’ ಎಂದು ಕರೆಯಬೇಕಾಗಿ ಬಂದಿದೆ. ಕಡಿಮೆಯಿರುವುದು ದಾಖಲೆ, ನುಡಿಯಲ್ಲ.

ಹೀಗೆ ದಾಖಲೆಯಿಂದ ಹೊರಗುಳಿಯುವುದು ಈ ಸೀಮೆಗೆ ಹೊಸದಲ್ಲ. ಗ್ರಿಯರ್ಸನ್ 1894ರಿಂದ 1928ರವರೆಗೆ ನಡೆಸಿದ ಭಾರತದ ಭಾಷಾ ಸಮೀಕ್ಷೆಯ ವ್ಯಾಪ್ತಿಯಲ್ಲಿ ಮದ್ರಾಸ್ ಪ್ರಾಂತವಾಗಲಿ, ಮೈಸೂರು, ಹೈದರಾಬಾದ್ ಸಂಸ್ಥಾನಗಳಾಗಲಿ ಇರಲಿಲ್ಲ. ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡನಾಡಿಗೆ ಸೇರಿದ್ದು 1956ರಲ್ಲಿ. ಅಂದು ಬಿಟ್ಟುಹೋಗಲು ಆಡಳಿತದ ಗಡಿ ಕಾರಣವಾಗಿತ್ತು. ಇಂದು ಆ ಗಡಿಯಿಲ್ಲ.

ಬಾಲ್ಟಿಮೋರ್, ಬರ್ನೋಗಳಲ್ಲಿ ನಡೆದಂಥ ಕಾರ್ಯಾಗಾರ ಒಂದು ವಾರ ಲೊಕ್ಕನಹಳ್ಳಿಯಲ್ಲೂ ನಡೆಯಬಹುದು. ಬರುವವರು ತಂತ್ರಾಂಶ ತರಲಿ. ದನಿ ಕೊಡುವವರಿಗೆ ಕೂಲಿ ಸಿಗಲಿ, ತಮ್ಮ ದನಿ ಎಲ್ಲಿ ಬಳಕೆಯಾಗುತ್ತದೆ ಎಂಬ ವಿವರ ಅವರದೇ ಮಾತಿನಲ್ಲಿ ತಿಳಿಯಲಿ, ಒಲ್ಲೆ ಎನ್ನುವ ಹಕ್ಕೂ ಇರಲಿ. ಯಾವ ಪದವನ್ನು ಹೇಗೆ ಬರೆದುಕೊಳ್ಳಬೇಕೆಂದು ತೀರ್ಮಾನಿಸುವ ಮೇಜಿನಲ್ಲಿ ಇಲ್ಲಿನ ಹಾಡುಗಾರರೂ, ಸೋಲಿಗರೂ, ಶಾಲೆ ಕಲಿತ ಹುಡುಗಿಯರೂ ಕೂರಲಿ. ನಿಘಂಟಿನಲ್ಲಿ ‘ಹಟ್ಟಿ’ಯ ಪಕ್ಕ ‘ಅಟ್ಟಿ’ ಎಂದು ಬರೆಯುವ ಕೆಲಸ ಆ ಮೇಜಿನಿಂದಲೇ ಶುರುವಾಗಬೇಕು.